ರೋಜಾಳ ಕಿವಿ ಪರೀಕ್ಷೆ

ಕಿವಿಯ ವಿದ್ಯೆ ಓದುವವಳು ಎಂದರೆ ಗುಡೇಕೋಟೆಯ ಜನಕ್ಕೆ ಕಿವಿ ಚುಚ್ಚುವವಳು ಎಂದೇ ಲೆಕ್ಕ. ಕುರಿ ಕಾಯುವ ಹೊನ್ನೂರಸ್ವಾಮಿಯ ಮಗಳು ರೋಜಾ ಅದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಶ್ರವಣ ವಿಜ್ಞಾನದಲ್ಲಿ ಪದವಿ ಮುಗಿಸಿದ್ದಳು. ಹೋದ ವರ್ಷ ಎಂ.ಎಸ್ಸಿ. ಸೀಟು ಎರಡೇ ಅಂಕದಲ್ಲಿ ಕೈತಪ್ಪಿತ್ತು. ಈ ಸಲವೂ ತಪ್ಪಿದರೆ ಓದು ಸಾಕು ಎಂದು ಅಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ.

ಅಭ್ಯಾಸ ಬೇಕಲ್ಲ? ಗುರುಗಳೊಬ್ಬರಿಂದ ಕಿವಿ ಪರೀಕ್ಷೆಯ ಹಳೇ ಯಂತ್ರ ತಂದಳು. ಮಟಮಟ ಮಧ್ಯಾಹ್ನ, ಕುರಿಗಳೆಲ್ಲ ಗುಡ್ಡಕ್ಕೆ ಹೋಗಿ ಮನೆ ಗವ್ವೆನ್ನುವಾಗ, ಅಜ್ಜಿ ಓಬಮ್ಮನಿಗೆ ಹೆಡ್‌ಫೋನು ಹಾಕಿ ಕೂರಿಸಿದಳು. ಪೀಂ ಅಂದರೆ ಬೆರಳೆತ್ತಬೇಕು, ಅಷ್ಟೇ. ಮುದುಕಿ ಪ್ರತಿ ಸಲ ಮೂರನೆಯ ಪೀಂಗೇ ಎತ್ತಿದಳು.

“ಅಜ್ಜೀ, ಮೊದಲನೇದಕ್ಕ ಎತ್ತಬೇಕು!”

“ಹುಚ್ಚಿ, ಒಂದ ಕೂಗಿಗೆ ಓ ಅಂದು ಹಾಳಾದೋರು ಅದಾರ. ಮೂರು ಸಲ ಕರದ್ರ ಮನುಷ್ಯಾರು. ಅದು ಎರಡರ ಮ್ಯಾಲ ಕರಿಯಂಗಿಲ್ಲ.”

ರೋಜಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇದು ಮಷೀನು ಅಜ್ಜಿ, ದೆವ್ವ ಅಲ್ಲ. ಕೇಳಿದ ಕೂಡ್ಲೇ ಎತ್ತು.”

ಓಬಮ್ಮ ಎತ್ತಿದಳು. ಕಿವಿ ಗಟ್ಟಿಮುಟ್ಟಾಗಿಯೇ ಇತ್ತು. ರೋಜಾ ಗುಂಡಿ ಬಿಟ್ಟು ಬರೆದುಕೊಳ್ಳತೊಡಗಿದಳು. ಬೆರಳು ಮತ್ತೆ ಎದ್ದಿತು. ಸದ್ದಿಲ್ಲದೆಯೂ ಬೆರಳೆತ್ತುವವರಿರುತ್ತಾರೆ, ಪುಸ್ತಕದಲ್ಲೇ ಇದೆ. ಯಾವುದಕ್ಕೂ ಇರಲಿ ಎಂದು ತಂತಿ ಕಿತ್ತಳು. ಬೆರಳು ಇನ್ನೊಮ್ಮೆ ಎದ್ದಿತು.

“ಏನ್ ಕೇಳ್ತು?”

“ನಿನ್ನ ಹೆಸರು. ಎರಡು ಸಲ ಆತು. ನೀನ ಹೇಳಿದ್ಯಲ್ಲ, ಎತ್ತು ಅಂತ?”

ಆಮೇಲೆ ಓದು ತಲೆಗೆ ಹತ್ತಲಿಲ್ಲ ಅಂದುಕೊಂಡಿರೇನು? ಹಟಮಾರಿ ಹುಡುಗಿ, ಓದಿದಳು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳೂ ಬಂದವು. ಆದರೆ ನಲ್ಲಿಯ ಹತ್ತಿರ, ಕೂಡ್ಲಿಗಿ ಬಸ್ಸಿನಲ್ಲಿ, ಯಾರೋ ಕರೆದಂತಾಗಿ ತಿರುಗುವಳು. ಯಾರೂ ಇರುತ್ತಿರಲಿಲ್ಲ. ಅಜ್ಜಿಗೆ ಹೇಳಲು ಹೆದರಿಕೆ, ಅಪ್ಪನಿಗೆ ಹೇಳಲು ನಾಚಿಕೆ.

ಸೀಟು ಹಂಚುವ ದಿನ ಬಂತು. ಹೆಸರು ಕರೆದಾಗ ಎದ್ದು ಹೋಗಬೇಕು. ಎರಡು ಸಲ ಕರೆದರೂ ಬಾರದಿದ್ದರೆ ಸೀಟು ಮುಂದಿನವರಿಗೆ. “ರೋಜಾ” ಎಂಬ ಕೂಗಿಗೆ ಅವಳು ದಡಬಡಿಸಿ ಎದ್ದಳು. ಮೇಜಿನ ಗುಮಾಸ್ತ ಪಟ್ಟಿಯನ್ನೇ ಬಿಚ್ಚಿರಲಿಲ್ಲ.

“ಇನ್ನೂ ಯಾರನ್ನೂ ಕರೆದಿಲ್ಲಮ್ಮ, ಕೂತ್ಕೊಳ್ಳಿ.”

ಇಡೀ ಸಭಾಂಗಣ ನಕ್ಕಿತು. ರೋಜಾ ಕೂತಳು.

ಸಂಜೆ ಬಸ್‌ಸ್ಟ್ಯಾಂಡಿನಿಂದ ಅಜ್ಜಿಗೆ ಫೋನು ಮಾಡಿದಳು. “ಸೀಟು ಬ್ಯಾರೇದಾಕಿಗೆ ಹೋತು. ಹೆಸರು ಕರದ್ರು, ಎರಡು ಸಲಾನೂ ಕೇಳಿಸ್ತು ಅಜ್ಜಿ. ಏಳಾಕ ಧೈರ್ಯ ಬರಲಿಲ್ಲ.”