ಬೆಂಕಿ ರೇಖೆಯ ಆಚೆ

ಮದುವೆಯಾಗಿ ನಾನು ಜೀವನ್ ಬಿಮಾ ನಗರದ ಬಾಡಿಗೆ ಮನೆಗೆ ಬಂದಾಗ ಅಕ್ಕಪಕ್ಕದವರೆಲ್ಲ ವಿಮೆ, ಬ್ಯಾಂಕಿನ ನೌಕರರು. ನಮ್ಮ ಯಜಮಾನರೊಬ್ಬರೇ ಅರಣ್ಯ ಇಲಾಖೆಯವರು. ಕೆ.ಆರ್. ಪುರ ದಾಟಿ ಇನ್ನೂ ಪೂರ್ವಕ್ಕಿದ್ದ ಸರ್ಕಾರಿ ನೀಲಗಿರಿ ಕಾಡು ಅವರ ಸುಪರ್ದಿನಲ್ಲಿತ್ತು. ಸಂಕ್ರಾಂತಿ ಕಳೆದರೆ ಸಾಕು, ನನಗೆ ಹೆದರಿಕೆ ಶುರುವಾಗುತ್ತಿತ್ತು. ಬೇಸಿಗೆಗೆ ಮೊದಲು ಕಾಡಿನ ಅಂಚಿನುದ್ದಕ್ಕೂ ಅಗಲವಾದ ಪಟ್ಟಿಯಲ್ಲಿ ಹುಲ್ಲನ್ನು ಇಲಾಖೆಯವರೇ ಸುಟ್ಟು ಬೋಳು ಮಾಡಬೇಕು. ಮುಂದೆ ಎಲ್ಲಿಂದಲೋ ಕಾಳ್ಗಿಚ್ಚು ಬಂದರೆ ಅಲ್ಲಿಗೇ ನಿಲ್ಲಲಿ ಎಂದು. ಅದಕ್ಕೆ ಬೆಂಕಿ ರೇಖೆ ಎನ್ನುತ್ತಿದ್ದರು. ಆ ಕೆಲಸಕ್ಕೆ ಇವರು ಹೊರಟ ದಿನ ನನಗೆ ಸ್ಟವ್ ಹಚ್ಚಲೂ ಕೈ ಬರುತ್ತಿರಲಿಲ್ಲ.

ಒಂದು ವರ್ಷ ಮೇಲಿನಿಂದ ಹೊಸ ಆದೇಶ ಬಂತು. ಸುತ್ತಲ ಹಳ್ಳಿಯವರು ತರಗೆಲೆ ಆಯಲು ಕಾಡಿನೊಳಗೆ ಬರಕೂಡದು, ಅವರು ಎಸೆಯುವ ಬೀಡಿಯಿಂದ ಬೆಂಕಿ ಬೀಳುತ್ತದೆ ಎಂದು. ಒಲೆಗೆ ಆ ಎಲೆಯನ್ನೇ ನಂಬಿದ್ದ ಹೆಂಗಸರು ಬರುವುದು ನಿಂತಿತು. ಎಲೆ ಉದುರುವುದು ನಿಲ್ಲಲಿಲ್ಲ. ಕಾಲಿಟ್ಟರೆ ಪಾದ ಹೂತುಹೋಗುತ್ತದೆ ಎಂದು ಇವರು ಊಟದ ನಡುವೆ ಹೇಳಿದ್ದರು.

ಮನೆಯಲ್ಲಿ ಕೂತು ಹೆದರುವುದಕ್ಕಿಂತ ಕಣ್ಣಾರೆ ನೋಡುವುದೇ ವಾಸಿ ಎಂದು ಒಂದು ಭಾನುವಾರ ನಾನೂ ಜೊತೆಗೆ ಹೋದೆ. ಇಬ್ಬನಿ ಆರುವ ಮುಂಚೆ ಹಚ್ಚಿದ ಬೆಂಕಿ ಪಟ್ಟಿಯಗುಂಟ ಮೆಲ್ಲಗೆ ನಡೆಯುತ್ತಿತ್ತು. ಕಾವಲುಗಾರರು ಹಸಿ ಸೊಪ್ಪು ಹಿಡಿದು ಎರಡೂ ಬದಿ ನಿಂತಿದ್ದರು. ಇಷ್ಟಕ್ಕೇ ಹೆದರಿದೆನಾ ಅನ್ನಿಸಿತು.

ಆಮೇಲೆ ಗಾಳಿ ತಿರುಗಿತು. ಕಿಡಿಗಳು ರೇಖೆ ದಾಟಿ ಮರಗಳ ಬುಡಕ್ಕೆ ಬಿದ್ದವು. ಎಣ್ಣೆ ಹೊಯ್ದಂತೆ ತರಗೆಲೆ ಹೊತ್ತಿಕೊಂಡಿತು. ಜೀಪಿನ ಚಾಲಕ ನನ್ನನ್ನು ರಸ್ತೆಗೆ ಎಳೆದು ತಂದ. ಅಷ್ಟರಲ್ಲಿ ಕಾವಲುಗಾರನೊಬ್ಬ, ಒಳಗೆ ಯಾರದೋ ಕೆಂಪು ಸೀರೆ ಕಂಡಿತು ಎಂದ. ಎಲ್ಲರೂ ಕೂಗಿದರು. ಉತ್ತರವಿಲ್ಲ. ಇವರು ಟವೆಲ್ ನೆನೆಸಿ ಮುಖಕ್ಕೆ ಕಟ್ಟಿಕೊಂಡು ಹೊಗೆಯೊಳಕ್ಕೆ ನುಗ್ಗಿದರು. ನಾನು ರಸ್ತೆಯಂಚಿಗೆ ಬಂದು ನಿಂತೆ. ಮರದ ತೊಗಟೆ ಪಟಪಟ ಸಿಡಿಯುವುದು ಕೇಳುತ್ತಿತ್ತು, ಖಾಕಿ ಅಂಗಿ ಕಾಣುತ್ತಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು.

ಬಂದರು. ಹುಬ್ಬು ಸುಟ್ಟಿತ್ತು. ಅವರ ತೋಳು ಹಿಡಿದು ಬಂದ ನಡುವಯಸ್ಸಿನ ಹೆಂಗಸು ಎಲೆ ತುಂಬಿದ ಗೋಣಿಚೀಲವನ್ನು ಆಗಲೂ ಬಿಟ್ಟಿರಲಿಲ್ಲ.

"ಅಷ್ಟು ಕೂಗಿದ್ವಲ್ಲಮ್ಮ, ಯಾಕೆ ಓಗೊಡ್ಲಿಲ್ಲ?" ಎಂದು ಇವರು ಕೆಮ್ಮುತ್ತಲೇ ಕೇಳಿದರು.

"ಸಿಕ್ಕಾಕೊಂಡ್ರೆ ಕೇಸ್ ಹಾಕ್ತೀರಲ್ಲ ಸ್ವಾಮಿ," ಎಂದಳು ಅವಳು. "ಅದ್ಕೇ ಬಂಡೆ ಹಿಂದೆ ಕೂತ್ಬಿಟ್ಟೆ."

ಉರಿಗಿಂತ ಹೆಚ್ಚಾಗಿ ಅವಳು ನನ್ನ ಗಂಡನಿಗೆ ಹೆದರಿದ್ದಳು. ಅದು ತಿಳಿದಾಗ ಆದ ಭಯ ಬೆಂಕಿಯ ಭಯದಂತಿರಲಿಲ್ಲ.

ಬೆಂಕಿ ಆರಿಸುವಷ್ಟರಲ್ಲಿ ಸಂಜೆಯಾಯಿತು. ಕೇಸು ಹಾಕದೆ ಅವಳನ್ನು ಮನೆಗೆ ಬಿಟ್ಟು ಬಂದೆವು. ಟಿನ್ ಫ್ಯಾಕ್ಟರಿ ಹತ್ತಿರ ಟೀಗೆ ನಿಲ್ಲಿಸಿದಾಗ ಇವರ ಮುಖದ ಮಸಿಯನ್ನು ನಾನೇ ಸೆರಗಿನಿಂದ ಒರೆಸಿದೆ.

"ಆ ಸೀರೆ ಕಾಣ್ದೇ ಇದ್ದಿದ್ರೆ?" ಎಂದರು.

ಮರುವರ್ಷ ಇವರು ಮೇಲಧಿಕಾರಿಗಳ ಹತ್ತಿರ ಓಡಾಡಿ, ವಾದ ಮಾಡಿ, ರೇಖೆ ಸುಡುವ ಮುಂಚೆ ಹೆಂಗಸರು ಬಂದು ಎಲೆ ಒಯ್ಯಲು ಒಪ್ಪಿಗೆ ತಂದರು. ಆ ಸಲ ಬೆಂಕಿ ರೇಖೆಯೊಳಗೇ ಉಳಿಯಿತು. ನನ್ನ ಹೆದರಿಕೆ ಮಾತ್ರ ಹೋಗಲಿಲ್ಲ. ಕೊನೆಗೆ ಅವರಿಗೆ ನಗರದ ಕಚೇರಿಗೆ ವರ್ಗವಾದಾಗ ಹಲಸೂರಿನ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿದೆ.

ಅವರ ಜಾಗಕ್ಕೆ ಹೊಸದಾಗಿ ಮದುವೆಯಾದ ಅಧಿಕಾರಿ ಬಂದಿದ್ದರು. ಮುಂದಿನ ಬೇಸಿಗೆಗೆ ಮೊದಲು ಒಂದು ಮಧ್ಯಾಹ್ನ ಆತನ ಹೆಂಡತಿ ಫೋನ್ ಮಾಡಿದಳು.

"ಅಕ್ಕಾ, ರೇಖೆ ಸುಡೋಕೆ ಹೋದೋರು ಇನ್ನೂ ಬಂದಿಲ್ಲ. ನಿಮ್ಗೂ ಹಿಂಗೇ ಆಗ್ತಿತ್ತಾ?"

ಆಗುತ್ತಿತ್ತು ಎಂದೆ. ಆಮೇಲೆ ಸಾರಿನ ಪುಡಿ, ಅವಳ ತವರು ಅಂತ ಏನೇನೋ ಮಾತಾಡಿಸುತ್ತ, ಅವಳ ಕಡೆ ಬಾಗಿಲು ತೆರೆದ ಸದ್ದಾಗುವವರೆಗೆ ಫೋನ್ ಇಡಲಿಲ್ಲ.