ಪಾಕ ನೋಡುವ ಹಲ್ಲು

ಹೊಸಪೇಟೆಯ ಚಿತ್ತವಾಡ್ಗಿಯ ಓಣಿಗೆ ಇನ್ನೂ ನೀರು ಬಿಟ್ಟಿಲ್ಲ. ಅನುಸೂಯಾ ಅವರ ಅಡುಗೆಮನೆಯಲ್ಲಿ ಆಗಲೇ ಬೆಲ್ಲ ಕುದಿಯುತ್ತಿದೆ. ಹುರಿದ ಶೇಂಗಾದ ಸಿಪ್ಪೆ ಫ್ಯಾನಿನ ಗಾಳಿಗೆ ಹಾರಿ ಅವರ ಸೀರೆಯ ನೆರಿಗೆಗೆ ಅಂಟಿಕೊಳ್ಳುತ್ತಿದೆ. ನಾಗರಪಂಚಮಿಗೆ ಮೂರೇ ದಿನ. ಸಂಡೂರಿನ ಬೆಳಗಿನ ಬಸ್ಸಿಗೆ ಒಂದು ಡಬ್ಬಿ ಉಂಡೆ ಏರಿಸಬೇಕು. ಸಂಡೂರು ಕಡೆಯ ಬಂಡ್ರಿಯಲ್ಲಿ ಉಂಡೆ ಹೇಳಿದವರ ಮನೆಗೆ ಮದುವೆಯಾದ ಮಗಳು ಹಬ್ಬಕ್ಕೆಂದು ತವರಿಗೆ ಬರುವವಳಿದ್ದಾಳೆ. ಉಂಡೆಗಿಂತ ಮೊದಲು ಮಗಳೇ ಬಂದು ಕೂತರೆ ಹೇಗೆ ಎಂದು ಅಲ್ಲಿಂದ ಎರಡು ಸಲ ಫೋನ್ ಬಂದಿದೆ.

ಅನುಸೂಯಾ ಸೌಟಿನ ತುದಿಯಿಂದ ಒಂದು ಹನಿ ಪಾಕವನ್ನು ತಣ್ಣೀರ ಬಟ್ಟಲಿಗೆ ಬಿಡುತ್ತಾರೆ. ಹನಿ ಗಟ್ಟಿಯಾಗುತ್ತದೆ. ಅದನ್ನು ಎರಡು ಬೆರಳಲ್ಲಿ ಎತ್ತಿ, ತಲೆಯನ್ನೂ ತಿರುಗಿಸದೆ, ಬಲಕ್ಕೆ ಬಾಗಿಲ ಕಡೆ ಕೈ ಚಾಚುತ್ತಾರೆ. ಅಲ್ಲಿ ಜಡೆ ಹೆಣೆದುಕೊಳ್ಳುತ್ತ ನಿಂತಿದ್ದ ಮಗಳು ಗಾಯತ್ರಿ ಅಷ್ಟೇ ಸಹಜವಾಗಿ ಬಾಯಿ ತೆರೆಯುತ್ತಾಳೆ. ಕಟ್ ಎಂದು ಸಪ್ಪಳವಾಗುತ್ತದೆ.

"ಹದ ಬಂತಮ್ಮ," ಎನ್ನುತ್ತಾಳೆ ಗಾಯತ್ರಿ.

ಹೇಳಿದ ಮೇಲೆ ಅವಳಿಗೇ ಗೊತ್ತಾಗುತ್ತದೆ. ತಾಯಿಯ ಕೈ ಗಾಳಿಯಲ್ಲೇ ನಿಂತಿದೆ. ಮುರಿದದ್ದು ಪಾಕವೋ, ಹಲ್ಲಿಗೆ ಹಾಕಿಸಿದ ಕ್ಲಿಪ್ಪೋ?

"ಯವ್ವಾ, ಏನ್ ಮಾಡಿದೆ ನಾ. ಬಾಯಿ ತಗಿ, ನೋಡ್ತೀನಿ."

"ಏನೂ ಆಗಿಲ್ಲ. ಮೊದ್ಲ ಶೇಂಗಾ ಹಾಕು, ಪಾಕ ಏರ್ತೈತಿ."

ಹದಕ್ಕೆ ಬಂದ ಪಾಕ ಯಾರಿಗೂ ಕಾಯುವುದಿಲ್ಲ. ಒಂದು ಗಳಿಗೆ ತಡವಾದರೂ ಕಹಿಯಾಗುತ್ತದೆ. ಶೇಂಗಾ ಸುರಿದು ಕೈಯಾಡಿಸಿ ಕೆಳಗಿಳಿಸಿದ ಮೇಲಂತೂ ಬಿಸಿ ಆರುವುದರೊಳಗೆ ಕಟ್ಟಿ ಮುಗಿಸಬೇಕು. ಇಲ್ಲದಿದ್ದರೆ ಪಾತ್ರೆಯಲ್ಲಿ ಬಂಡೆಯೇ ಉಳಿಯುತ್ತದೆ. ಅನುಸೂಯಾ ಅಂಗೈಗೆ ನೀರು ಹಚ್ಚಿಕೊಂಡು ಸುಡುವ ಮುದ್ದೆಯನ್ನು ಚಿವುಟಿ ಚಿವುಟಿ ಉಂಡೆ ಕಟ್ಟುತ್ತಾರೆ. ಕಣ್ಣು ಮಾತ್ರ ಮಗಳ ಬಾಯಿಯ ಮೇಲೆ. ಗಾಯತ್ರಿ ತುಟಿ ಬಿಚ್ಚದೆ ಬ್ಯಾಗು ಹೆಗಲಿಗೇರಿಸಿ ಶಾಲೆಗೆ ಹೊರಡುತ್ತಾಳೆ. ತಾಯಿ ಕೈ ತೊಳೆದು ಹೊರಗೆ ಬರುವಷ್ಟರಲ್ಲಿ ಓಣಿಯ ತಿರುವಿನಲ್ಲಿ ಅವಳ ಜಡೆಯ ರಿಬ್ಬನ್ನೂ ಕಾಣುವುದಿಲ್ಲ.

ಹೊಸಪೇಟೆಯಲ್ಲಿ ಪಂಚಮಿಯ ಉಂಡೆ ತಿಂದವರಲ್ಲಿ ಅನೇಕರಿಗೆ ಅನುಸೂಯಾ ಅವರ ಹೆಸರು ಗೊತ್ತಿಲ್ಲ. ಅವರ ಉಂಡೆ ಅಂಗಡಿಗಳ ಗಾಜಿನ ಡಬ್ಬಿಗಳಲ್ಲಿ ಕೂರುತ್ತದೆ, ಅಂಗಡಿಯ ಹೆಸರಿನಲ್ಲೇ ಮನೆಗಳಿಗೆ ಹೋಗುತ್ತದೆ. ಉಳಿದ ದಿನಗಳಲ್ಲಿ ಅವರು ಮೆಸ್ಸುಗಳಿಗೆ ಜೋಳದ ರೊಟ್ಟಿ ತಟ್ಟುತ್ತಾರೆ. ಹಬ್ಬದ ವಾರ ಬಂತೆಂದರೆ ದಿನಕ್ಕೆ ಐದಾರು ನೂರು ಉಂಡೆ. ಶೇಂಗಾ, ಎಳ್ಳು, ಪುಟಾಣಿ ಎನ್ನುವ ಹುರಿಗಡಲೆ, ಚುರುಮುರಿ. ಅಂಗೈಯ ಚರ್ಮ ಎಷ್ಟು ದಪ್ಪಗಾಗಿದೆಯೆಂದರೆ ಬಿಸಿ ತವೆಯ ಅಂಚನ್ನು ಬರಿಗೈಯಲ್ಲಿ ಹಿಡಿದು ಇಳಿಸುತ್ತಾರೆ.

ತವರು ಕಂಪ್ಲಿಯ ಹತ್ತಿರದ ಎಮ್ಮಿಗನೂರು. ಕಬ್ಬಿನ ಗದ್ದೆಗಳ ನಡುವೆ ಬೆಳೆದ ಹುಡುಗಿಗೆ ಬೆಲ್ಲ ಊಟದ ಮೊದಲೂ ಸಿಗುತ್ತಿತ್ತು, ನಂತರವೂ ಸಿಗುತ್ತಿತ್ತು. ಹಲ್ಲು ತಿಕ್ಕು ಎಂದವರು ಯಾರೂ ಇರಲಿಲ್ಲ. ಗಾಯತ್ರಿ ಹುಟ್ಟುವ ಹೊತ್ತಿಗೆ ಅವರ ದವಡೆ ಹಲ್ಲುಗಳು ಒಂದೊಂದಾಗಿ ಉದುರಿದ್ದವು.

"ನೋವಾತು ಅಂದ್ರ ಲವಂಗ ಇಡೋರು, ಮತ್ತೂ ನೋವಾತು ಅಂದ್ರ ಕೀಳೋರು. ಹಲ್ಲಂದ್ರ ಅಷ್ಟ ಅನ್ಕೊಂಡಿದ್ವಿ," ಎಂದು ಅವರು ನಗುವಾಗ ಬಾಯಿಗೆ ಸೆರಗು ಅಡ್ಡ ಬರುತ್ತದೆ.

ಶೇಂಗಾ ಉಂಡೆಯ ಪಾಕ ಹದಕ್ಕೆ ಬಂದಿದೆಯೇ ಎಂದು ತಿಳಿಯಲು ಅವರ ಅತ್ತೆ ಕಲಿಸಿದ್ದು ಕಡಿದು ನೋಡುವ ಕ್ರಮ. ನೀರಲ್ಲಿ ಗಟ್ಟಿಯಾದ ಹನಿ ಹಲ್ಲಿಗೆ ಅಂಟಿದರೆ ಇನ್ನೂ ಎಳಸು, ಕಟ್ ಎಂದು ಮುರಿದರೆ ಸರಿ. ಕಡಿಯಲು ತಮ್ಮ ಬಾಯಲ್ಲಿ ಹಲ್ಲಿಲ್ಲದ ಅನುಸೂಯಾ ಆ ಕೆಲಸವನ್ನು ಮಗಳಿಗೆ ಕೊಟ್ಟರು. ಗಾಯತ್ರಿ ಆಗ ಶಾಲೆಯಲ್ಲಿ ಒಂದನೇ ಇಯತ್ತೆ. ಅಂದಿನಿಂದ ಹಬ್ಬದ ಮುಂಜಾನೆಗಳಲ್ಲಿ ತಾಯಿ ಬಲಕ್ಕೆ ಕೈ ಚಾಚುವುದು, ಮಗಳು ಬಾಗಿಲಲ್ಲಿ ಬಾಯಿ ತೆರೆಯುವುದು ಉಸಿರಾಟದಷ್ಟೇ ರೂಢಿಯಾಗಿಬಿಟ್ಟಿತು.

ಕಳೆದ ವರ್ಷ ಶಾಲೆಯಲ್ಲಿ ನಡೆದ ಹಲ್ಲಿನ ತಪಾಸಣೆಯಲ್ಲಿ ಗಾಯತ್ರಿಯ ಮೇಲಿನ ಕೋರೆಹಲ್ಲೊಂದು ಹುಟ್ಟದೆ ಒಸಡಿನೊಳಗೇ ಓರೆಯಾಗಿ ಮಲಗಿದೆ ಎಂದು ಗೊತ್ತಾಯಿತು. ಹಾಗೇ ಬಿಟ್ಟರೆ ಪಕ್ಕದ ಹಲ್ಲುಗಳ ಬೇರಿಗೂ ತೊಂದರೆ ಎಂದರು. ಹೊಸಪೇಟೆಯ ಡಾಕ್ಟರಮ್ಮ ಒಸಡು ಬಿಡಿಸಿ, ಒಳಗಿದ್ದ ಹಲ್ಲಿಗೆ ಕೂದಲೆಳೆಯಂಥ ಸರಪಳಿ ಅಂಟಿಸಿ, ಅದನ್ನು ಹೊರಗಿನ ಕ್ಲಿಪ್ಪಿನ ತಂತಿಗೆ ಕಟ್ಟಿದ್ದಾರೆ. ತಂತಿ ಹಲ್ಲನ್ನು ನಿಧಾನವಾಗಿ ಕೆಳಗೆ ಎಳೆಯಬೇಕು. ತಂತಿಯನ್ನು ಹಿಡಿದುಕೊಂಡಿರುವುದು ಪ್ರತಿ ಹಲ್ಲಿನ ಮೇಲೂ ಅಂಟಿಸಿದ ಪುಟ್ಟ ಲೋಹದ ಚೂರುಗಳು. ಅನುಸೂಯಾ ಅವನ್ನು ಗುಂಡಿ ಎನ್ನುತ್ತಾರೆ. ಗುಂಡಿ ಕಿತ್ತರೆ ತಂತಿ ಸಡಿಲ, ತಂತಿ ಸಡಿಲಾದರೆ ಅಷ್ಟು ದಿನದ ಎಳೆತ ವ್ಯರ್ಥ. ಒಳಗಿನ ಸರಪಳಿಯೇ ಬಿಟ್ಟುಕೊಂಡರೆ ಮತ್ತೆ ಒಸಡು ಕೊಯ್ಯಬೇಕು. ಮೊದಲ ಸಲ ಸೂಜಿ ಚುಚ್ಚುವಾಗ ಮಗಳು ಹಿಡಿದ ಹಿಡಿತಕ್ಕೆ ತಾಯಿಯ ಮಣಿಕಟ್ಟಿನ ಬಳೆ ಒಡೆದಿತ್ತು.

ಅದಕ್ಕೇ ಈ ಪಂಚಮಿಗೆ ಹೊಸ ಕ್ರಮ ಮಾಡಿಕೊಂಡಿದ್ದರು. ಗಟ್ಟಿಯಾದ ಹನಿಯನ್ನು ಸ್ಟೀಲಿನ ತಾಟಿಗೆ ಕೆಡವಿ ಸದ್ದು ಕೇಳುವುದು. ಟಣ್ ಎಂದರೆ ಹದ. ನಾಲ್ಕು ದಿನ ಹಾಗೇ ನಡೆದಿತ್ತು. ಆದರೆ ಈ ಬೆಳಿಗ್ಗೆ ತಾಟಿನ ತುಂಬ ಉಂಡೆ, ತಲೆಯ ತುಂಬ ಸಂಡೂರಿನ ಬಸ್ಸು.

"ತಲಿಗೆ ನೆನಪಿತ್ತು, ಕೈಗೆ ಇರ್ಲಿಲ್ಲ," ಎನ್ನುತ್ತಾರೆ.

ಆ ದಿನವಿಡೀ ಕೆಲಸ ನಿಲ್ಲುವುದಿಲ್ಲ. ಗಂಡ ಪಂಪೇಶ್ ತಮ್ಮ ಆಟೋದಲ್ಲಿ ಡಬ್ಬಿ ಒಯ್ದು ಬಸ್ಸಿಗೆ ಏರಿಸಿ ಬರುತ್ತಾರೆ, ಮತ್ತೆರಡು ಅಂಗಡಿಗಳಿಗೆ ಮುಟ್ಟಿಸುತ್ತಾರೆ. ಅನುಸೂಯಾ ಹುರಿಯುತ್ತಾರೆ, ಕೇರುತ್ತಾರೆ, ಕಟ್ಟುತ್ತಾರೆ. ನಡುನಡುವೆ ನೀರಿನ ಬಟ್ಟಲಲ್ಲಿ ಬೆರಳಾಡಿಸಿ, ಬೆಳಗಿನ ಹನಿಯ ಚೂರುಗಳೊಂದಿಗೆ ಲೋಹದ ಚೂರೇನಾದರೂ ಇದೆಯೇ ಎಂದು ಹುಡುಕುತ್ತಾರೆ. ಮಗಳು ಕಡಿದದ್ದು ಬಾಗಿಲಲ್ಲಿ, ಬಟ್ಟಲು ಇದ್ದದ್ದು ಒಲೆಯ ಪಕ್ಕದಲ್ಲಿ. ಅದರಲ್ಲಿ ಏನೂ ಸಿಗಲಾರದು ಎಂದು ಅವರಿಗೂ ಗೊತ್ತು. ಆದರೂ ಮತ್ತೊಮ್ಮೆ ಬೆರಳು ಹೋಗುತ್ತದೆ. ಮಧ್ಯಾಹ್ನದ ಒಂದು ಪಾಕ ಕಹಿಯಾಗುತ್ತದೆ. ಎಷ್ಟೋ ವರ್ಷಗಳ ಮೇಲೆ ಇದೇ ಮೊದಲು.

ಸಂಜೆ ಗಾಯತ್ರಿ ಮೊಸರನ್ನವನ್ನು ಎಡಗಡೆಯಿಂದಷ್ಟೇ ಅಗಿಯುತ್ತಾಳೆ. ತಾಯಿಗೆ ಅಷ್ಟು ಸಾಕು.

"ಬಾ ಇಲ್ಲಿ, ಬೆಳಕಿಗೆ ಬಾ."

ಪಂಪೇಶ್ ಫೋನಿನ ಟಾರ್ಚ್ ಹಿಡಿಯುತ್ತಾರೆ. ಬಲಗಡೆ, ಕೋರೆಹಲ್ಲಿನ ಜಾಗದಿಂದ ಒಂದು ಹಲ್ಲಾಚೆಗಿನ ಗುಂಡಿ ಹಲ್ಲನ್ನು ಬಿಟ್ಟು ತಂತಿಯಲ್ಲಿ ಮಣಿಯಂತೆ ಜೋತಾಡುತ್ತಿದೆ. ಸರಪಳಿ ಇದೆಯೋ ಇಲ್ಲವೋ, ಆ ಬೆಳಕಿಗೆ ತಿಳಿಯುವುದಿಲ್ಲ.

"ಮುಂಜೇಲೆನ ಗೊತ್ತಿತ್ತಾ ನಿನಗ?"

"ಹೂಂ."

"ಮತ್ತ್ಯಾಕ ಹೇಳಲಿಲ್ಲ?"

"ನೀ ಅಳ್ತಿ ಅಂತ. ಉಂಡಿ ಬ್ಯಾರೆ ಆಗಬೇಕಿತ್ತು."

ಅನುಸೂಯಾ ಅಳುವುದಿಲ್ಲ. ಮಗಳ ಗಲ್ಲವನ್ನು ಹಿಡಿದ ಕೈ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ. "ಇದು ನನ್ನ ಕೈ ಮಾಡಿದ್ದು, ನೀ ಮಾಡಿದ್ದಲ್ಲ. ಇನ್ಮ್ಯಾಲೆ ನಿನಗ ನೋವಾದ್ರ ಮೊದ್ಲು ನನಗ ಹೇಳು, ಉಂಡಿ ಹಾಳಾಗಿ ಹೋಗ್ಲಿ."

ಫೋನಿನಲ್ಲಿ ಡಾಕ್ಟರಮ್ಮ ಹೇಳುವುದು ಇಷ್ಟು: ಎಳೆಯಬೇಡಿ, ಚುಚ್ಚಿದರೆ ಕ್ಲಿನಿಕ್ಕಿನಲ್ಲಿ ಕೊಟ್ಟ ಮೇಣ ಹಚ್ಚಿ, ಬೆಳಿಗ್ಗೆ ಬನ್ನಿ.

ಮಾರನೆಯ ಬೆಳಿಗ್ಗೆ ಒಲೆ ಹೊತ್ತುವುದಿಲ್ಲ. ಆಟೋದಲ್ಲಿ ತಾಯಿ ಮಗಳು ಕೈ ಹಿಡಿದುಕೊಂಡು ಕೂತಿದ್ದಾರೆ. ಕ್ಲಿನಿಕ್ಕಿನ ಕುರ್ಚಿಯ ಮೇಲೆ ದೀಪ ಬಾಗಿದಾಗ ಅನುಸೂಯಾ ಗೋಡೆಯ ಕಡೆ ನೋಡುತ್ತಾರೆ. ಮಗಳ ಬಾಯೊಳಗೆ ಲೋಹಕ್ಕೆ ಲೋಹ ತಾಗುವ ಸದ್ದು. ಸೆರಗಿನ ಅಂಚು ಅನುಸೂಯಾ ಅವರ ಬೆರಳಲ್ಲಿ ಸುರುಳಿಯಾಗುತ್ತಲೇ ಇದೆ.

"ಸರಪಳಿ ಗಟ್ಟಿ ಐತ್ರಿ, ಅಂಜಬ್ಯಾಡ್ರಿ," ಎಂದು ಡಾಕ್ಟರಮ್ಮ ಕೊನೆಗೂ ಹೇಳುತ್ತಾರೆ. "ಗುಂಡಿ ಒಂದ ಬಿಟ್ಟೈತಿ, ತಂತಿ ಒಂಚೂರು ಬಾಗೈತಿ. ಸರಿ ಮಾಡ್ತೀನಿ. ಇಲ್ಲಿ ನೋಡ್ರಿ, ಹಲ್ಲಿನ ತುದಿ ಕಾಣಾಕತ್ತೈತಿ."

ಅನುಸೂಯಾ ಬಗ್ಗಿ ನೋಡುತ್ತಾರೆ. ಒಸಡಿನಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳುಪು. ಅವರು ಅದನ್ನು ನೋಡುತ್ತಲೇ ಇರುತ್ತಾರೆ.

ಆದರೆ ಹಬ್ಬ ಇನ್ನೂ ಮುಂದಿದೆ, ಭಯವೂ ಅದರ ಜೊತೆಗೇ ಇದೆ. ಪಂಚಮಿಯ ದಿನ ಓಣಿಯ ಹುಡುಗಿಯರು ಜೋಕಾಲಿಯ ಹತ್ತಿರ ಸೇರಿ ಉಂಡೆ ಬದಲಿಸಿಕೊಳ್ಳುತ್ತಾರೆ. ಒಣಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ಆಡಿಸಿ, ಆಟ ಮುಗಿದ ಮೇಲೆ ಅದನ್ನೇ ಕಡಿದು ತಿನ್ನುತ್ತಾರೆ. ಕೊಟ್ಟ ಉಂಡೆಯನ್ನು ಬೇಡ ಎನ್ನುವ ಪದ್ಧತಿ ಇಲ್ಲ. ಅನುಸೂಯಾ ಡಾಕ್ಟರಮ್ಮನ ಮುಂದೆ ತಮಗೆ ಹೊಳೆದ ಉಪಾಯ ಇಡುತ್ತಾರೆ: ಶೇಂಗಾ ಉಂಡೆಯನ್ನೇ ಎಳೆ ಪಾಕದಲ್ಲಿ ಮೆತ್ತಗೆ ಕಟ್ಟಿದರೆ?

"ಅದು ಇನ್ನೂ ಕೆಟ್ಟದ್ರಿ. ಗಟ್ಟಿದು ಮುರೀತೈತಿ, ಅಂಟಿಂದು ಹಿಡ್ಕೊಂಡು ಎಳೀತೈತಿ. ಬಾಯಾಗ ತಾನ ಕರಗೋದು ಏನಾರ ಮಾಡ್ರಿ. ಊಟದ ಜೋಡಿ ತಿಂದು ಮುಗಿಸ್ಲಿ, ದಿನಪೂರ್ತಿ ಬಾಯಾಡ್ಸೋದು ಬ್ಯಾಡ. ತಿಂದ ಮ್ಯಾಲೆ ಬಾಯಿ ಮುಕ್ಕಳಿಸಿ, ತಂತಿ ಸಂದಿಗೆಲ್ಲ ಬ್ರಷ್ ಹಾಕಬೇಕು."

ಮನೆಗೆ ಬಂದವರೇ ಅನುಸೂಯಾ ಮೊದಲು ಮಾಡಿದ ಕೆಲಸ ಗ್ಯಾಸಿನ ಒಲೆಯನ್ನು ಎಳೆದು ತಿರುಗಿಸಿಟ್ಟದ್ದು. ಈಗ ಬಲಗೈ ಚಾಚಿದರೆ ಗೋಡೆ ಸಿಗುತ್ತದೆ.

"ಏನಿದು, ವಾಸ್ತು ನೋಡ್ಸಿದ್ಯಾ?" ಎಂದು ಪಂಪೇಶ್ ಕೆಣಕುತ್ತಾರೆ.

"ಹೂನ್ರಿ, ಹಲ್ಲಿನ ವಾಸ್ತು. ನೀವು ಸುಮ್ನ ಪುಟಾಣಿ ಬೀಸ್ಕೊಂಡು ಬರ್ರಿ, ನುಣ್ಣಗ."

ನುಣ್ಣನೆಯ ಪುಟಾಣಿ ಹಿಟ್ಟು, ಪುಡಿ ಸಕ್ಕರೆ, ಏಲಕ್ಕಿ, ಬಿಸಿ ತುಪ್ಪ. ಪಾಕವಿಲ್ಲ, ಇಡೀ ಕಾಳಿಲ್ಲ, ಕೊಬ್ಬರಿಯಿಲ್ಲ. ಒಂದನ್ನು ಕಟ್ಟಿ ಮೊದಲು ತಮ್ಮ ಬಾಯಿಗೆ ಹಾಕಿಕೊಂಡು ಅನುಸೂಯಾ ಕಣ್ಣು ಮುಚ್ಚುತ್ತಾರೆ. ದವಡೆ ಆಡುವುದಿಲ್ಲ, ನಾಲಿಗೆ ಮಾತ್ರ. ಇನ್ನಷ್ಟು ತುಪ್ಪ ಬೀಳುತ್ತದೆ. ಈ ಉಂಡೆಯ ಹದ ನೋಡಲು ಹಲ್ಲು ಬೇಡ ಎಂಬುದು ಅವರಿಗೆ ಆಗ ಹೊಳೆಯುತ್ತದೆ. ಅಂದರೆ ಅದನ್ನು ಅವರೇ ನೋಡಬಹುದು.

ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಬಂದ ಮೇಲೆ ಗಾಯತ್ರಿ ತಾಯಿ ಕಟ್ಟಿಕೊಟ್ಟ ಪುಟಾಣಿ ಉಂಡೆಯ ಡಬ್ಬಿ ಹಿಡಿದು ಜೋಕಾಲಿಯ ಕಡೆ ಹೋಗುತ್ತಾಳೆ. ಅನುಸೂಯಾ ಹೊಸ್ತಿಲಲ್ಲಿ ಕೂತು ಎಳ್ಳು ಆರಿಸುತ್ತಾರೆ. ಆರಿಸಿದ ಎಳ್ಳನ್ನೇ ಮತ್ತೆ ಆರಿಸುತ್ತಾರೆ. ಗೆಳತಿ ಲಕ್ಷ್ಮೀ ಏನನ್ನೋ ಗಾಯತ್ರಿಯ ಕೈಗಿಡುವುದು ಕಾಣುತ್ತದೆ. ಗಾಯತ್ರಿಯ ಕೈ ಬಾಯಿಯ ಹತ್ತಿರ ಹೋಗುತ್ತದೆ. ಅನುಸೂಯಾ ಅರ್ಧ ಎದ್ದು ನಿಲ್ಲುತ್ತಾರೆ. ಅವಳು ತುಟಿಯ ಪಕ್ಕದ ಹಿಟ್ಟು ಒರೆಸಿಕೊಂಡದ್ದು ಅಷ್ಟೇ.

ತುಸು ಹೊತ್ತಿಗೆ ಮಗಳು ಲಂಗದ ಅಂಚನ್ನು ಜೋಳಿಗೆಯಂತೆ ಹಿಡಿದು ಬಂದು, ಶೇಂಗಾ ಉಂಡೆಗಳನ್ನೂ ಒಂದು ಕೊಬ್ಬರಿ ಬಟ್ಟಲನ್ನೂ ತಾಯಿಯ ಮಡಿಲಿಗೆ ಸುರಿಯುತ್ತಾಳೆ. ಒಂದರಲ್ಲೂ ಹಲ್ಲಿನ ಗುರುತಿಲ್ಲ.

"ಒಲ್ಲೆ ಅನ್ನಲಿಲ್ಲಮ್ಮ. ಎಲ್ಲಾ ಇಸ್ಕೊಂಡೆ. ಇವು ಅಪ್ಪಗ." ಹಾಗೆಂದವಳೇ ಬಾಯಿ ಮುಕ್ಕಳಿಸಲು ಹಿತ್ತಲಿಗೆ ಹೋಗುತ್ತಾಳೆ.

ಪಂಪೇಶ್ ಒಂದನ್ನು ಎತ್ತಿ ಕಡಿಯುತ್ತಾರೆ. "ಊರಿಗೆಲ್ಲ ಶೇಂಗಾ ಉಂಡಿ ಕಟ್ಟೋ ಮನ್ಯಾಗ ಅದನ್ನ ಕಡಿಯೋನು ನಾನೊಬ್ಬನ ಉಳದೆ ನೋಡ್ರಿ."

ಕ್ಲಿಪ್ ತೆಗೆಯಲು ಇನ್ನೂ ಒಂದು ವರ್ಷದ ಮೇಲೆ ಬೇಕು ಎಂದಿದ್ದಾರೆ ಡಾಕ್ಟರಮ್ಮ. ನಡುವೆ ಗಣೇಶ ಚೌತಿಯಿದೆ, ದೀಪಾವಳಿಯಿದೆ, ಸಂಕ್ರಾಂತಿಯ ಎಳ್ಳು ಬೆಲ್ಲವಿದೆ. ಒಂದೊಂದು ಹಬ್ಬದ ಹೆಸರು ಬಂದಾಗಲೂ ಅನುಸೂಯಾ ಅವರ ಕಣ್ಣು ಹಿತ್ತಲಿನ ಕಡೆಗೆ ಹೋಗಿ ಬರುತ್ತದೆ. ಅಲ್ಲಿ ಬ್ರಷ್ಷಿನ ಸದ್ದು ಇನ್ನೂ ನಿಂತಿಲ್ಲ. ನಿಮ್ಮ ಆಸೆ ಏನು ಎಂದು ಕೇಳಿದರೆ ಮಡಿಲಲ್ಲಿದ್ದ ಒಂದು ಉಂಡೆಯನ್ನು ಅಂಗೈಯಲ್ಲಿ ತಿರುಗಿಸುತ್ತಾರೆ.

"ಅಕಿನ ಹಲ್ಲು ಪೂರಾ ಇಳೀಲಿ. ಕ್ಲಿಪ್ ತಗದ ವರ್ಷ ಒಲಿ ಮತ್ತ ಮೊದಲಿನಂಗ ತಿರುಗಿಸಿಡ್ತೀನಿ. ಮೊದಲ ಪಾಕ ಅಕಿ ಬಾಯಿಗ. ಅಕಿ ಕಟ್ ಅಂತ ಕಡದಾಗ ನನ್ನ ಎದಿ ಝಲ್ ಅನ್ನಬಾರದು. ಅಷ್ಟ ನೋಡ್ರಿ."