ಪೈಲ್ವಾನನ ಬಿಳಿ, ಅಕ್ಕನ ಹಳದಿ

"ಮೊಟ್ಟೆ ಒಡೆಯೋದು ಅಕ್ಕ, ಎದೆ ಉಬ್ಬಿಸೋದು ತಮ್ಮ" ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದರು. ಆಡಿಕೊಂಡದ್ದರಲ್ಲಿ ತಪ್ಪೇನೂ ಇರಲಿಲ್ಲ. ಬೀದಿಯವರೆಲ್ಲ ಪೈಲ್ವಾನ ಎಂದು ಕರೆಯುತ್ತಿದ್ದ ಆ ಮಹಾನುಭಾವ ಯಾವುದೋ ಕಾಲದಲ್ಲಿ ದೇಹದಾರ್ಢ್ಯ ಸ್ಪರ್ಧೆಯೊಂದರಲ್ಲಿ ಮೂರನೇ ಬಹುಮಾನ ಹೊಡೆದಿದ್ದ. ಸ್ಪರ್ಧೆಗೆ ಬಂದಿದ್ದವರೇ ಮೂರು ಜನ.

ಈಗ ವಯಸ್ಸು ನಲವತ್ತಾರು. ಸೋಫಾ ಅಂಗಡಿಯಲ್ಲಿ ಕೆಲಸ. ಗಿರಾಕಿ ಬಂದರೆ ಸೋಫಾದ ಮೇಲೆ ಕೂತು, ಎದ್ದು, ಮತ್ತೆ ಕೂತು ತೋರಿಸಬೇಕು. ಅಷ್ಟಕ್ಕೇ ಸಂಜೆ ಮನೆಗೆ ಬಂದವನು, "ಸೊಂಟ ಬಿದ್ದುಹೋಯ್ತು ಕಣಕ್ಕಾ" ಎಂದು ಕಾಲು ಚಾಚುತ್ತಿದ್ದ. ಮನೆಯೂ ಅವನದಲ್ಲ, ಅಕ್ಕನದು. "ಎರಡು ವಾರ ಇದ್ದು ಹೋಗ್ತೀನಿ" ಎಂದು ಬಂದವನು ಹನ್ನೊಂದು ವರ್ಷ ಇದ್ದ.

ದಿನಾ ಬೆಳಗ್ಗೆ ಆರು ಮೊಟ್ಟೆಯ ಬಿಳಿ ಅವನಿಗೆ. ಅಕ್ಕ ಒಡೆದು, ಸೋಸಿ, ಲೋಟಕ್ಕೆ ಹಾಕಿಕೊಡಬೇಕು. ಇವನು ಕನ್ನಡಿಯ ಮುಂದೆ ನಿಂತು ಗುಟುಕರಿಸಬೇಕು. ಉಳಿದ ಆರು ಹಳದಿ?

"ಅದ್ರಲ್ಲಿ ಕೊಬ್ಬಿರುತ್ತೆ. ನಂಗಾಗಲ್ಲ. ನಿಂಗಾದ್ರೆ ಪರವಾಗಿಲ್ಲ, ತಿನ್ನಕ್ಕಾ!"

ಅಷ್ಟು ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು. ಇಲ್ಲ, ಫೋನು ಹಿಡಿದು ಅಡುಗೆಮನೆಯ ಬಾಗಿಲಿಗೆ ಒರಗಿ ದಿನಕ್ಕೊಂದು ಉಪಾಯ ಹೇಳುತ್ತಿದ್ದ. "ಇವತ್ತು ಮಯೋನೀಸ್ ಮಾಡು. ಎಣ್ಣೆ ಹನಿಹನಿಯಾಗಿ ಬಿಡ್ಬೇಕಂತೆ." ಹನಿ ಬಿಟ್ಟು ಬಿಟ್ಟು, ಕಡೆದು ಕಡೆದು ತೋಳು ನೋಯಿಸಿಕೊಂಡವಳು ಅಕ್ಕ. "ಉಪ್ಪಲ್ಲಿ ಹೂತಿಟ್ಟು ಒಣಗಿಸು, ಚೀಸ್ ಥರ ತುರೀಬಹುದು." ವಾರಗಟ್ಟಲೆ ಆ ಡಬ್ಬಿ ಕಾದವಳೂ ಅಕ್ಕ. ನೂಡಲ್ಸ್ ಹಿಟ್ಟಿಗೆ ನಾದಿದಳು, ಅನ್ನಕ್ಕೆ ಸವರಿ ಅಗುಳು ಅಗುಳಾಗಿ ಹುರಿದಳು. ಮಿಕ್ಕ ಹಳದಿಯ ಮೇಲೆ ಒಂದು ಚಮಚ ನೀರು ಬಿಟ್ಟು ಮುಚ್ಚಿಟ್ಟರೆ ಕೆನೆಗಟ್ಟುವುದಿಲ್ಲ ಎಂಬುದನ್ನು ಯಾವ ಫೋನೂ ಹೇಳಲಿಲ್ಲ, ತಾನೇ ಕಂಡುಕೊಂಡಳು. ಇವನು ಬೆರಳು ಅದ್ದಿ ನೆಕ್ಕಿ, ಜಗುಲಿಗೆ ಬಂದು, ಹೋಗಿಬರುವವರಿಗೆಲ್ಲ "ಐಡಿಯಾ ನಂದೇ" ಎನ್ನುತ್ತಿದ್ದ. ಕೆಲಸಕ್ಕೆ ಕರೀಬೇಡಿ, ಊಟಕ್ಕೆ ಮರೀಬೇಡಿ ಅನ್ನುತ್ತಾರಲ್ಲ, ಆ ಜಾತಿ.

ಅಕ್ಕ ಶಾಲೆಯ ಸಮವಸ್ತ್ರ ಹೊಲಿದು ಮನೆ ನಡೆಸುತ್ತಿದ್ದಳು. ಹನ್ನೊಂದನೇ ವರ್ಷ ಅವಳ ಕಣ್ಣು ಮಂಜಾಗತೊಡಗಿತು. ಕಣ್ಣಿನ ಡಾಕ್ಟರು ಬಿಡಿಸಿ ಹೇಳಿದರು: "ಹೊಲಿಗೆ ಬಿಡಿ ತಾಯಿ. ಹಿಂಗೇ ಸೂಜಿ ಹಿಡ್ಕೊಂಡಿದ್ರೆ, ಆಮೇಲೆ ಎದುರು ಬಂದವರೂ ಕಾಣಿಸಲ್ಲ." ಸೂಜಿ ಬಿಟ್ಟರೆ ಹೊಟ್ಟೆಗೇನು? ಅವಳ ಕೈಯಲ್ಲಿದ್ದದ್ದು ಒಂದೇ, ಹಳದಿ ಕ್ರೀಮು. ಹಾಲು, ಸಕ್ಕರೆ, ಹಳದಿ ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಿದ, ನಾಲಿಗೆಯ ಮೇಲೆ ಜಾರುವ ಕ್ರೀಮು.

ಬೀದಿಯ ತುದಿಯ ಬೇಕರಿಯ ಒಡತಿ ಅದನ್ನು ತಿಂದು ನೋಡಿ ತಲೆಯಾಡಿಸಿದಳು. ಆದರೆ ಆಕೆಯ ಪದ್ಧತಿಯೇ ಬೇರೆ. ಎಷ್ಟೇ ರುಚಿಯಿರಲಿ, ಒಲೆಯಿಂದ ಇಳಿಯುವುದನ್ನು ಕಣ್ಣಾರೆ ನೋಡದೆ ಹೊರಗಿನ ಮಾಲು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. "ಭಾನುವಾರ ಹನ್ನೊಂದಕ್ಕೆ ಬರ್ತೀನಮ್ಮ. ನನ್ನ ಮುಂದೆ ಮಾಡಿ. ಸರಿಯಾಗಿ ಬಂದ್ರೆ ಬನ್ನಿಗೆ ತುಂಬೋ ಕ್ರೀಮೆಲ್ಲ ನಿಮ್ಮದೇ."

ಭಾನುವಾರ ಬಂತು. ಎರಡು ದಿನದ ಹನ್ನೆರಡು ಹಳದಿ ಬಟ್ಟಲಲ್ಲಿತ್ತು, ಒಲೆಯ ಮೇಲೆ ಹಾಲು. ಬೇಕರಿಯಾಕೆ ಸ್ಟೂಲಿನ ಮೇಲೆ ಕೂತಳು. ಅಕ್ಕ ಸೌಟು ಎತ್ತಿದಳೋ ಇಲ್ಲವೋ, ಬಿಗಿ ಬನಿಯನ್ ತೊಟ್ಟು ಒಳಗೆ ಬಂದನಲ್ಲ ನಮ್ಮ ವೀರ!

"ಪಕ್ಕಕ್ಕೆ ಸರಿಯಕ್ಕಾ. ಐಡಿಯಾ ನಂದು, ನಾನೇ ಮಾಡಿ ತೋರಿಸ್ತೀನಿ."

"ಬೇಡ್ವೋ, ಉರಿ ನೋಡ್ಕೋಬೇಕು..."

"ಹನ್ನೊಂದು ವರ್ಷದಿಂದ ನಿಂಗೆ ಹೇಳಿಕೊಟ್ಟೋನು ಯಾರು?"

ಅಕ್ಕ ಸರಿದು ನಿಂತಳು. ಹನ್ನೊಂದು ವರ್ಷ ಸರಿದು ನಿಂತ ಕಾಲು, ಆವತ್ತೂ ತಾನಾಗಿಯೇ ಸರಿಯಿತು.

ಬಿಸಿಹಾಲನ್ನು ಸ್ವಲ್ಪಸ್ವಲ್ಪವಾಗಿ ಹಳದಿಗೆ ಬೆರೆಸಿ ಹದ ಮಾಡಿಕೊಳ್ಳಬೇಕು. ಇವನು ಉರಿಯನ್ನು ಪೂರ್ತಿ ತಿರುಗಿಸಿ, ಕೊತಕೊತ ಕುದಿಯುವ ಹಾಲಿಗೆ ಹನ್ನೆರಡನ್ನೂ ಒಂದೇ ಸಲ ಸುರಿದ. ಸುರಿದು ತೋಳು ಬಿಗಿ ಹಿಡಿದು ಬೇಕರಿಯಾಕೆಗೆ ತೋರಿಸಿದ. ಅಷ್ಟರಲ್ಲಿ ಪಾತ್ರೆಯಲ್ಲಿ ಗಂಟು ಗಂಟಾಗಿ, ಒಡೆದ ಹಾಲಿನಲ್ಲಿ ಮೊಟ್ಟೆಯ ಚೂರು ತೇಲಾಡತೊಡಗಿತು.

"ಇದೇನಪ್ಪಾ ಇದು?" ಎಂದಳು ಬೇಕರಿಯಾಕೆ.

"ಹೊಸ ಥರದ್ದು. ಹಾಲೇ ಸರಿಯಿಲ್ಲ ಅನ್ಸುತ್ತೆ. ಅಕ್ಕಾ, ಎಂಥಾ ಹಾಲು ತಂದಿದ್ಯೇ?"

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಬೇಕರಿಯಾಕೆ ಸೆರಗು ಕೊಡವಿ ಎದ್ದಳು. ಅವಳು ಹೊಸ್ತಿಲು ದಾಟಿದ್ದರೆ ಅಕ್ಕನಿಗೆ ಮತ್ತೆ ಸೂಜಿಯೇ ಗತಿ.

"ಐದು ನಿಮಿಷ ಕೂತ್ಕೊಳ್ಳಿ ತಾಯಿ" ಎಂದು ಅಕ್ಕ ಫ್ರಿಜ್ ತೆಗೆದಳು. ಅಲ್ಲಿದ್ದದ್ದು ಆರೇ ಮೊಟ್ಟೆ.

"ಅಕ್ಕಾ! ಅದು ನನ್ನ ನಾಳೆ ಬೆಳಗಿಂದು!"

ಅಕ್ಕ ಟಪ್ಪನೆ ಒಂದು ಒಡೆದಳು. ಮತ್ತೊಂದು. ಆರೂ ಒಡೆದಳು. ಉರಿ ಇಳಿಸಿ, ಬೇರೆ ಹಾಲಿಟ್ಟು, ಕೈ ನಿಲ್ಲಿಸದೆ ಕಲಕಿದಳು. ಪೈಲ್ವಾನ ಬಾಗಿಲಲ್ಲಿ ನಿಂತು, ಆಸ್ತಿ ಹೋದವನ ಹಾಗೆ ಮೊಟ್ಟೆಯ ಚಿಪ್ಪು ನೋಡುತ್ತಿದ್ದ. ಕ್ರೀಮು ಸೌಟಿನ ಬೆನ್ನಿಗೆ ಅಂಟಿ ನಿಂತಿತು. ಬೇಕರಿಯಾಕೆ ಒಂದು ಚಮಚ ತಿಂದಳು, ಇನ್ನೊಂದು ಚಮಚ ಕೇಳದೆಯೇ ತೆಗೆದುಕೊಂಡಳು.

"ನಾಳೆಯಿಂದ್ಲೇ ಶುರು ಮಾಡಿ. ಮೊಟ್ಟೆ ನಾನೇ ಕಳಿಸ್ತೀನಿ. ಆ ಬಿಳೀನೂ ಚೆಲ್ಲಬೇಡಿ, ಕೇಕಿನ ನೊರೆಗೆ ಬೇಕು, ವಾಪಸ್ ಕಳಿಸಿಬಿಡಿ."

ಪೈಲ್ವಾನನಿಗೆ ತಡೆಯಲಾಗಲಿಲ್ಲ. ಅಕ್ಕನ ಕಣ್ಣಿನ ಸುದ್ದಿ ಕೇಳಿದಾಗ ಆಕಳಿಸಿದ್ದ ಮನುಷ್ಯ, ಇನ್ನು ಬಿಳಿಯೆಲ್ಲ ಬೇಕರಿಗೇ ಎಂದು ಕೇಳಿದ ಕೂಡಲೇ ಕೂಗಾಡಿದ. "ಈ ಮನೇಲಿ ಒಂದೋ ಆ ಬೇಕರಿ ಇರ್ಬೇಕು, ಇಲ್ಲಾ ನಾನಿರ್ಬೇಕು!"

"ಸರಿ ಕಣೋ."

"ಏನು ಸರಿ?"

"ಬೇಕರಿ."

ಗಂಟು ಕಟ್ಟಲು ಅವನಿಗೆ ಇಡೀ ದಿನ ಹಿಡಿಯಿತು. ಒಂದು ಅಂಗಿ ಮಡಿಸುವುದು, ಕೆಮ್ಮುವುದು, ಅಡುಗೆಮನೆಯ ಕಡೆ ನೋಡುವುದು. ಯಾರೂ ತಡೆಯಲಿಲ್ಲ. ಸೋಮವಾರ ಬೆಳಗ್ಗೆ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. ಅಕ್ಕ ಒಲೆಯ ಮುಂದಿದ್ದಳು.

"ಹೋಗ್ತಿದೀನಿ ಅಕ್ಕಾ."

"ಮೆಟ್ಟಿಲು ಈಗಷ್ಟೇ ತೊಳೆದಿದೀನಿ, ಜಾರುತ್ತೆ, ನೋಡ್ಕೊಂಡು ಇಳಿ."

ಇಳಿದ. ಎಲ್ಲಿಗೆ ಹೊರಟೆ ಎಂದು ಬೀದಿಯಲ್ಲಿ ಯಾರಾದರೂ ಕೇಳಿಯಾರು ಎಂದು ನಿಧಾನವಾಗಿ ಹೆಜ್ಜೆ ಹಾಕಿದ. ಬೀದಿಯವರು ನಾವು ಯಾರೂ ಕೇಳಲಿಲ್ಲ.